ಎಡೆದೊರೆ ನಾಡಿಗೆ ಒಂದು ಕ್ಯಾಮೆರಾ ಚೀಲ

ಪ್ರವಾಸಕ್ಕೆ ಕ್ಯಾಮೆರಾ ಕೊಳ್ಳುವವರು ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ 'ಎಷ್ಟು ಮೆಗಾಪಿಕ್ಸೆಲ್?' ಎಂಬುದು. ಆದರೆ ಫೋಟೊ ಕೆಡುವುದು ಪಿಕ್ಸೆಲ್ ಕಡಿಮೆಯಾಗಿ ಅಲ್ಲ. ಹೋದ ಜಾಗದ ಬೆಳಕು ಕೈಕೊಡುತ್ತದೆ, ದೂಳು ಒಳಗೆ ಸೇರುತ್ತದೆ, ದೋಣಿ ಅಲುಗಾಡುತ್ತದೆ, ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿಯಾಗುತ್ತದೆ, ಇಲ್ಲವೇ ಭಾರವಾಯಿತೆಂದು ಕ್ಯಾಮೆರಾ ಲಾಡ್ಜಿನಲ್ಲೇ ಉಳಿಯುತ್ತದೆ. ಯಾವ ಸಲಕರಣೆ ಬೇಕು ಎಂಬುದನ್ನು ತೀರ್ಮಾನಿಸಬೇಕಾದದ್ದು ಹೋಗುವ ಊರು.

ಇದನ್ನು ಅರಿಯಲು ರಾಯಚೂರು ಸೀಮೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಎಡೆದೊರೆ ನಾಡು. ನಗರದಲ್ಲಿ ಕೋಟೆ, ದೇವದುರ್ಗದ ಕಡೆ ಗಬ್ಬೂರಿನ ಹಳೆಯ ಗುಡಿಗಳು, ಮಾನ್ವಿಯ ಕಡೆ ಕಾಲುವೆ ನೀರಿನ ಭತ್ತದ ಗದ್ದೆಗಳು, ಹೊಳೆ ದಾಟಿ ಹೋಗಬೇಕಾದ ನಡುಗಡ್ಡೆಗಳು. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಬಿಸಿಲು, ಎರೆ ಭೂಮಿಯಿಂದ ಏಳುವ ನುಣುಪು ದೂಳು. ದೇವದುರ್ಗ, ಮಾನ್ವಿ ಎರಡೂ ರಾಯಚೂರಿನಿಂದ 50 ಕಿ.ಮೀ. ಆಸುಪಾಸಿನಲ್ಲಿವೆ. ಈ ಸಣ್ಣ ಸುತ್ತಾಟದಲ್ಲೇ ಕ್ಯಾಮೆರಾಕ್ಕೆ ಬರಬಹುದಾದ ಬಹುತೇಕ ಎಲ್ಲ ಪರೀಕ್ಷೆಗಳೂ ಎದುರಾಗುತ್ತವೆ.

ಕ್ಯಾಮೆರಾ ಯಾವುದು?

ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನದಯಾಳ್ (1844–1905). ಆಗ ಫೋಟೊ ಎಂದರೆ ಮರದ ದೊಡ್ಡ ಕ್ಯಾಮೆರಾ, ಮುಕ್ಕಾಲಿ, ಗಾಜಿನ ಫಲಕಗಳ ಪೆಟ್ಟಿಗೆ, ಅವನ್ನೆಲ್ಲ ಹೊರಲು ಆಳುಗಳು. ಇಂದು ಜೇಬಿನ ಮೊಬೈಲೇ ಒಳ್ಳೆಯ ಕ್ಯಾಮೆರಾ. ಹಗಲಿನ ಬೆಳಕಿನಲ್ಲಿ ಕೋಟೆ, ಕೆರೆ, ಬೀದಿ, ಊಟದ ತಟ್ಟೆ, ಜೊತೆಗಾರರ ಮುಖ ಇಷ್ಟನ್ನೇ ಹಿಡಿಯುವವರು ಬೇರೇನನ್ನೂ ಕೊಳ್ಳಬೇಕಾಗಿಲ್ಲ. ಮೊಬೈಲ್ ಸೋಲುವುದು ಮೂರು ಕಡೆ: ದೂರದ ವಸ್ತು, ಕತ್ತಲೆಯ ಒಳಾಂಗಣ, ಸುಡುಬಿಸಿಲು. ಪರದೆಯ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸುವ ಝೂಮ್ ಹಲವು ಮೊಬೈಲ್‌ಗಳಲ್ಲಿ ನಿಜಕ್ಕೂ ಚಿತ್ರದ ಅಂಚುಗಳನ್ನು ಕತ್ತರಿಸುವ ಕೆಲಸ. ಹೊಳೆಯ ಆಚೆ ದಡದ ಬೆಳ್ಳಕ್ಕಿ ಅದರಿಂದ ಹತ್ತಿರ ಬರುವುದಿಲ್ಲ, ಮಸುಕಾಗುತ್ತದೆ. ಬಿಸಿಲಿನಲ್ಲಿ ಹೆಚ್ಚು ಹೊತ್ತು ವಿಡಿಯೊ ಮಾಡಿದರೆ ಮೊಬೈಲ್ ಬಿಸಿಯಾಗಿ ಪರದೆಯ ಬೆಳಕು ತಾನಾಗಿ ತಗ್ಗುತ್ತದೆ, ಏನು ಹಿಡಿಯುತ್ತಿದ್ದೇವೆ ಎಂಬುದೇ ಕಾಣದು.

ಅದರ ಮೇಲಿನ ಹಂತದಲ್ಲಿ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳಿವೆ. ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗಳ ಕಾಲ ಹಿಂದೆ ಸರಿದು, ಕಂಪನಿಗಳು ಈಗ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೇ ಒತ್ತು ಕೊಡುತ್ತಿವೆ. ಮಿರರ್‌ಲೆಸ್ ಹಗುರ, ಸದ್ದು ಕಡಿಮೆ, ತೆಗೆಯುವ ಮೊದಲೇ ಚಿತ್ರದ ಬೆಳಕು ಹೇಗಿರುತ್ತದೆಂದು ಕಾಣುತ್ತದೆ. ಆದರೆ ಪರದೆ ಸದಾ ಉರಿಯುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ. ಡಿಎಸ್‌ಎಲ್‌ಆರ್ ಕೆಟ್ಟದ್ದೇನೂ ಆಗಿಲ್ಲ. ಸೆಕೆಂಡ್ ಹ್ಯಾಂಡ್ ಆಗಿ ಅಗ್ಗಕ್ಕೆ ಸಿಗುವುದರಿಂದ ಹೊಸಬರಿಗೆ ಅದೇ ಲಾಭದ ಮಾತು.

ಮೆಗಾಪಿಕ್ಸೆಲ್‌ಗಿಂತ ಮುಖ್ಯವಾದದ್ದು ಸೆನ್ಸರ್‌ನ ಅಳತೆ. 'ಫುಲ್ ಫ್ರೇಮ್' ಸೆನ್ಸರ್ 36×24 ಮಿ.ಮೀ. ಇರುತ್ತದೆ. ಎಪಿಎಸ್-ಸಿ ಎಂಬುದು ಸುಮಾರು 23.5×15.6 ಮಿ.ಮೀ., ಅಂದರೆ ವಿಸ್ತಾರದಲ್ಲಿ ಫುಲ್ ಫ್ರೇಮಿನ ಅರ್ಧಕ್ಕಿಂತ ಕಡಿಮೆ. ಮೈಕ್ರೊ ಫೋರ್ ಥರ್ಡ್ಸ್ 17.3×13 ಮಿ.ಮೀ., ಸುಮಾರು ಕಾಲು ಭಾಗ. ಸೆನ್ಸರ್ ದೊಡ್ಡದಾದಷ್ಟೂ ಕಡಿಮೆ ಬೆಳಕಿನಲ್ಲಿ ಚಿತ್ರ ಸ್ವಚ್ಛ, ಆದರೆ ಲೆನ್ಸ್‌ನ ಭಾರವೂ ಬೆಲೆಯೂ ಅಷ್ಟೇ ಏರುತ್ತವೆ. ಪ್ರವಾಸಕ್ಕೆ ಎಪಿಎಸ್-ಸಿ ನಡುವಿನ ದಾರಿ. ಪಿಕ್ಸೆಲ್ ಲೆಕ್ಕಕ್ಕೆ ಬಂದರೆ, ಎ4 ಅಳತೆಯ ಪುಟ ತುಂಬ ಚೆನ್ನಾಗಿ ಅಚ್ಚಾಗಲು ಸುಮಾರು 9 ಮೆಗಾಪಿಕ್ಸೆಲ್ ಸಾಕು. ಈಗ ಸಾಮಾನ್ಯವಾದ 24 ಮೆಗಾಪಿಕ್ಸೆಲ್‌ನಲ್ಲಿ ಅದಕ್ಕೆ ಎರಡೂವರೆ ಪಟ್ಟಿಗಿಂತ ಹೆಚ್ಚೇ ಇದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಒಂದು ಟಾರ್ಚ್ ಜೊತೆಗಿರಲಿ. ಲೆನ್ಸ್‌ನ ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಬೆಳಕು ಹಾಯಿಸಿ ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಕಾಣಬಹುದು. ಅದು ಶಿಲೀಂಧ್ರ, ಅಂಥ ಲೆನ್ಸ್ ಬೇಡ. ನಂತರ ಅಪರ್ಚರ್, ಅಂದರೆ ಲೆನ್ಸ್‌ನ ಬೆಳಕಿನ ಕಿಂಡಿಯನ್ನು, ಎಫ್/16ಕ್ಕಿಟ್ಟು ಬಿಳಿ ಗೋಡೆಯ ಇಲ್ಲವೇ ಆಕಾಶದ ಒಂದು ಫೋಟೊ ತೆಗೆಯಬೇಕು. ಸೆನ್ಸರ್ ಮೇಲೆ ದೂಳು ಕೂತಿದ್ದರೆ ಕಪ್ಪು ಚುಕ್ಕೆಗಳಾಗಿ ಎದ್ದು ಕಾಣುತ್ತದೆ. ಷಟರ್ ಎಷ್ಟು ಸಲ ತೆರೆದಿದೆ ಎಂಬ ಲೆಕ್ಕವನ್ನೂ ಕೇಳಿ ತಿಳಿಯಬೇಕು.

ಲೆನ್ಸ್: ಗೋಡೆಯ ಉದ್ದಕ್ಕೆ, ಮಿನಾರದ ಎತ್ತರಕ್ಕೆ

ಲೆನ್ಸ್‌ನ ಮೇಲೆ ಬರೆದಿರುವ ಮಿಲಿಮೀಟರ್ ಸಂಖ್ಯೆ ಸಣ್ಣದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. ರಾಯಚೂರು ಕೋಟೆಯಲ್ಲಿ ಇದರ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿದ ಸಂಗತಿಯನ್ನು ಹೇಳುವ ಶಾಸನ ಅದರ ಮೇಲಿದೆ. ಆ ಬಂಡೆಯನ್ನು ಬಂಡಿಯ ಮೇಲೇರಿಸಿ ಎಳೆದು ತಂದ ದೃಶ್ಯವನ್ನೂ ಅಲ್ಲೇ ಗೋಡೆಯ ಮೇಲೆ ಕೊರೆದಿದ್ದಾರೆ. 41 ಅಡಿ ಎಂದರೆ ಸುಮಾರು 12.5 ಮೀಟರ್. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಇದ್ದರೆ ಇಡೀ ಕಲ್ಲು ಒಂದೇ ಚೌಕಟ್ಟಿನಲ್ಲಿ ಕೂರಲು 17 ಮೀಟರ್‌ಗೂ ಹೆಚ್ಚು ಹಿಂದೆ ಸರಿಯಬೇಕು. 24 ಮಿ.ಮೀ. ಲೆನ್ಸ್‌ಗೆ ಎಂಟೂವರೆ ಮೀಟರ್ ಸಾಕು. ಎಪಿಎಸ್-ಸಿ ಕ್ಯಾಮೆರಾದಲ್ಲಿ ಇದೇ ನೋಟಕ್ಕೆ 16 ಮಿ.ಮೀ. ಲೆನ್ಸ್ ಬೇಕು.

ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಇನ್ನೊಂದು ಉಪಾಯವಿದೆ. ಗೋಡೆಯಿಂದ ಒಂದೇ ಅಂತರ ಕಾಯ್ದುಕೊಂಡು, ಅದಕ್ಕೆ ಸಮಾನಾಂತರವಾಗಿ ಹೆಜ್ಜೆ ಹಾಕುತ್ತಾ ನಾಲ್ಕೈದು ಫೋಟೊ ತೆಗೆಯುವುದು. ಪ್ರತಿ ಫೋಟೊದ ಮೂರನೇ ಒಂದು ಭಾಗ ಹಿಂದಿನದರ ಮೇಲೆ ಬಂದಿರಬೇಕು. ಮನೆಗೆ ಬಂದ ಮೇಲೆ ಕಂಪ್ಯೂಟರಿನಲ್ಲಿ ಅವನ್ನು ಜೋಡಿಸಬಹುದು. ಒಂದೇ ಕಡೆ ನಿಂತು ಕ್ಯಾಮೆರಾ ತಿರುಗಿಸಿ ತೆಗೆಯುವ ಪನೋರಮಾದಲ್ಲಿ ಕಲ್ಲಿನ ಎರಡೂ ತುದಿಗಳು ಕಿರಿದಾಗಿ ನಡುಭಾಗ ಉಬ್ಬಿದಂತೆ ಕಾಣುತ್ತದೆ.

ಎತ್ತರದ ಸಮಸ್ಯೆ ಬೇರೆ. ನಗರದ ಏಕ್ ಮಿನಾರ್ ಮಸೀದಿ ಬಹಮನಿ ಅರಸರ ಕಾಲದ್ದು, 1513ರಲ್ಲಿ ಕಟ್ಟಿದ್ದು. ಅದರ ಒಂಟಿ ಮಿನಾರ ಸುಮಾರು 65 ಅಡಿ ಎತ್ತರ. ಬುಡದಲ್ಲಿ ನಿಂತು ಕ್ಯಾಮೆರಾ ಮೇಲೆತ್ತಿ ತೆಗೆದರೆ ಮಿನಾರ ಹಿಂದಕ್ಕೆ ವಾಲಿದಂತೆ ಬರುತ್ತದೆ. ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸದೆ, ನೆಟ್ಟಗೆ ಉದ್ದುದ್ದ ಹಿಡಿದು, ಫುಲ್ ಫ್ರೇಮ್ ಕ್ಯಾಮೆರಾದ 24 ಮಿ.ಮೀ. ಲೆನ್ಸ್‌ನಲ್ಲಿ ಸುಮಾರು 25 ಮೀಟರ್ ದೂರದಿಂದ ತೆಗೆದರೆ ಮಿನಾರ ನೇರವಾಗಿ ನಿಲ್ಲುತ್ತದೆ. ಕೆಳಗೆ ಬೇಡದ ನೆಲ ಹೆಚ್ಚು ಬಂದಿದ್ದರೆ ಆಮೇಲೆ ಕತ್ತರಿಸಿದರಾಯಿತು.

ಈ ಎಲ್ಲಕ್ಕೂ ಬೇಕಾದದ್ದು ಎರಡೇ ಲೆನ್ಸ್. ಮೊದಲನೆಯದು ಎಪಿಎಸ್-ಸಿ ಕ್ಯಾಮೆರಾಕ್ಕೆ 16–80 ಇಲ್ಲವೇ 18–135 ಮಿ.ಮೀ.ಯಂಥ ಒಂದು ಝೂಮ್, ಹಗಲಿನ ಹತ್ತರಲ್ಲಿ ಒಂಬತ್ತು ಫೋಟೊ ಇದರಲ್ಲೇ ಆಗುತ್ತವೆ. ಎರಡನೆಯದು 35 ಮಿ.ಮೀ. ಎಫ್/1.8ರಂಥ ಹಗುರವಾದ, ಬೆಳಕನ್ನು ಹೆಚ್ಚು ಒಳಬಿಡುವ ಲೆನ್ಸ್. ಹಕ್ಕಿಗಳ ಹುಚ್ಚಿರುವವರು ಮಾತ್ರ 300 ಮಿ.ಮೀ. ಮುಟ್ಟುವ ಮೂರನೆಯದನ್ನು ಹೊರಬಹುದು. ಮಾನ್ವಿ ಕಡೆಯ ನೀರು ನಿಂತ ಗದ್ದೆಗಳಲ್ಲಿ ಬೆಳ್ಳಕ್ಕಿ, ಕೊಕ್ಕರೆ, ಮಿಂಚುಳ್ಳಿಗಳಿಗೆ ಕೊರತೆಯಿಲ್ಲ. ಕ್ಯಾಮೆರಾ, ಲೆನ್ಸ್, ಬ್ಯಾಟರಿ, ಚೀಲ ಎಲ್ಲ ಸೇರಿ ಎರಡು ಕಿಲೊ ಮೀರದಿದ್ದರೆ ದಿನವಿಡೀ ಹೆಗಲಿಗೆ ಹೊರೆಯಾಗುವುದಿಲ್ಲ.

ಸೂರ್ಯ ಎಲ್ಲಿ, ನೆರಳು ಎಲ್ಲಿ?

ಒಳ್ಳೆಯ ಫೋಟೊಕ್ಕೆ ಬೆಳಗಿನ ಮತ್ತು ಸಂಜೆಯ ಬಿಸಿಲೇ ಬೇಕು ಎಂಬ ಮಾತು ಮುಖಗಳಿಗೆ, ಬಯಲಿಗೆ, ಹೊಳೆಗೆ ಸರಿ. ಕಲ್ಲಿನ ಮೇಲಿನ ಅಕ್ಷರಕ್ಕೆ ಸರಿಯಲ್ಲ. ಶಾಸನ ಓದಲು ಬರುವಂತೆ ಫೋಟೊ ತೆಗೆಯಬೇಕಾದರೆ ಬೆಳಕು ಗೋಡೆಗೆ ತಗುಲಿಕೊಂಡು ಓರೆಯಾಗಿ ಹರಿಯಬೇಕು. ಆಗ ಪ್ರತಿ ಗೀರಿನ ಅಂಚಿನಲ್ಲೂ ಸಣ್ಣ ನೆರಳು ಬಿದ್ದು ಅಕ್ಷರ ಎದ್ದು ನಿಲ್ಲುತ್ತದೆ. ಎದುರಿನಿಂದ ನೇರ ಬಿಸಿಲು ಬಿದ್ದಾಗ ಅದೇ ಕಲ್ಲು ಬೋಳು ಬಂಡೆಯಂತೆ ಕಾಣುತ್ತದೆ.

ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗೆ ಬೆಳಿಗ್ಗೆಯೆಲ್ಲ ನೆರಳು. ಸೂರ್ಯ ನಡುನೆತ್ತಿ ದಾಟಿದ ಮೇಲಷ್ಟೇ ಬಿಸಿಲು ಬೀಳಲು ಶುರು. ಮೊದಲ ಒಂದು ಗಂಟೆ ಅದು ಮೇಲಿನಿಂದ ಗೋಡೆ ಸವರಿಕೊಂಡು ಇಳಿಯುತ್ತದೆ. ಶಾಸನಕ್ಕೆ ಅದೇ ಒಳ್ಳೆಯ ಗಳಿಗೆ. ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಮಧ್ಯಾಹ್ನಕ್ಕೆ ಮೊದಲಿನ ಒಂದು ಗಂಟೆ. ಗಡಿಯಾರದ ವಿಷಯದಲ್ಲಿ ಒಂದು ಎಚ್ಚರ: ಭಾರತದ ಸಮಯವನ್ನು ಲೆಕ್ಕ ಹಾಕುವುದು 82.5 ಡಿಗ್ರಿ ಪೂರ್ವ ರೇಖಾಂಶದಿಂದ. ರಾಯಚೂರು ಅದಕ್ಕಿಂತ ಐದು ಡಿಗ್ರಿಯಷ್ಟು ಪಶ್ಚಿಮಕ್ಕಿದೆ. ಹಾಗಾಗಿ ಇಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಸರಾಸರಿ 20 ನಿಮಿಷ ತಡವಾಗಿ. ತಿಂಗಳಿನಿಂದ ತಿಂಗಳಿಗೆ ಇದು ಕೆಲವು ನಿಮಿಷ ಹಿಂದೆ ಮುಂದೆ ಆಗುತ್ತದೆ. ಇನ್ನು ನಗರ ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಆದ್ದರಿಂದ ಮೇ ತಿಂಗಳ ಮೊದಲ ವಾರದಲ್ಲೂ ಆಗಸ್ಟ್‌ನ ಮೊದಲೆರಡು ವಾರಗಳ ಹೊತ್ತಿನಲ್ಲೂ ಸೂರ್ಯ ತಲೆಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ, ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಆಗ ಜನರ ಕಣ್ಣುಗಳ ಕೆಳಗೆ ಕಪ್ಪು ನೆರಳು ಬಿದ್ದು ಮುಖಗಳು ಕೆಡುತ್ತವೆ. ಗೋಡೆಯ ಕೆತ್ತನೆಗಳು ಮಾತ್ರ ಎದ್ದು ಕಾಣುತ್ತವೆ.

ನದಿಗಳ ವಿಷಯದಲ್ಲಿ ಎಡೆದೊರೆಗೆ ಒಂದು ವಿಶೇಷವಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದೇವದುರ್ಗ ತಾಲ್ಲೂಕಿನ ಕೊಪ್ಪರದಲ್ಲೋ ಗೂಗಲ್‌ನಲ್ಲೋ ನಿಂತು ಉತ್ತರದ ಕೃಷ್ಣೆಯತ್ತ ನೋಡಿದರೆ ಬಿಸಿಲು ಬೆನ್ನಿಗಿರುತ್ತದೆ. ನೀರು ನೀಲಿಯಾಗಿ, ಬಂಡೆಗಳು ತಮ್ಮ ಬಣ್ಣದಲ್ಲೇ ಬರುತ್ತವೆ. ಹರಿದಾಸ ವಿಜಯದಾಸರ ಹುಟ್ಟೂರಾದ ಮಾನ್ವಿ ತಾಲ್ಲೂಕಿನ ಚೀಕಲಪರವಿಯ ಕಡೆಯಿಂದ ದಕ್ಷಿಣದ ತುಂಗಭದ್ರೆಯತ್ತ ನೋಡಿದರೆ ಅದೇ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ನೀರು ಬೆಳ್ಳಿಯಂತೆ ಮಿರುಗಿ, ಸ್ನಾನ ಮಾಡುವವರು, ದನಗಳು ಕಪ್ಪು ಆಕೃತಿಗಳಾಗುತ್ತವೆ. ಎರಡೂ ಚೆಂದವೇ. ಯಾವುದು ಬೇಕೆಂದು ತಿಳಿದು ಹೋಗಬೇಕು, ಎದುರು ಬಿಸಿಲಿಗೆ ಲೆನ್ಸ್‌ನ ಮುಂದಿನ ಹುಡ್ ಮರೆಯಬಾರದು.

ಬೆಳಕನ್ನು ಅಳೆಯುವಾಗ ಕ್ಯಾಮೆರಾ ಎಲ್ಲವನ್ನೂ ನಡುಬೂದು ಬಣ್ಣದ್ದೆಂದೇ ಭಾವಿಸುತ್ತದೆ. ಮಾರುಕಟ್ಟೆಗೆ ಬಂದ ಹತ್ತಿಯ ರಾಶಿಯನ್ನು ಹಾಗೇ ತೆಗೆದರೆ ಬೆಳ್ಳಗಿರಬೇಕಾದದ್ದು ಮಂಕಾಗುತ್ತದೆ. ಅಲ್ಲಿ ಎಕ್ಸ್‌ಪೋಷರ್ ಪರಿಹಾರವನ್ನು ಒಂದು ಸ್ಟಾಪ್, ಅಂದರೆ ಬೆಳಕು ಎರಡು ಪಟ್ಟಾಗುವಷ್ಟು, ಹೆಚ್ಚಿಸಬೇಕು. ಉತ್ತಿದ ಎರೆ ಹೊಲಕ್ಕೆ ಇದರ ತಿರುವುಮುರುವು: ಕಪ್ಪು ಮಣ್ಣನ್ನು ಕ್ಯಾಮೆರಾ ಬಿಳಿಚಿಸುತ್ತದೆ, ಅಲ್ಲಿ ಅರ್ಧದಿಂದ ಒಂದು ಸ್ಟಾಪ್ ಇಳಿಸಬೇಕು. ಮೊಬೈಲ್‌ನಲ್ಲೂ ಇದು ಸಾಧ್ಯ. ಪರದೆಯ ಮೇಲೆ ಒಮ್ಮೆ ಮುಟ್ಟಿ, ಕಾಣುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಸರಿಸಿದರಾಯಿತು.

ಗುಡಿಯೊಳಗಿನ ಕತ್ತಲೆ

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿ ಸಿಗುವ ಗಬ್ಬೂರು ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಿಗೂ ಶಾಸನಗಳಿಗೂ ಹೆಸರಾದದ್ದು. ಮಳೆ ಶಂಕರ ದೇವಾಲಯ ಅವುಗಳಲ್ಲಿ ಹೆಚ್ಚು ಪರಿಚಿತ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಂಬಗಳ ನಡುವೆ ಕತ್ತಲೆ. ಇಂಥ ಕಡೆ ಝೂಮ್ ಬದಿಗಿಟ್ಟು ಎಫ್/1.8 ಲೆನ್ಸ್ ಹಾಕಿ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಸೂಚಿಸುವ ಐಎಸ್‌ಒವನ್ನು 1600–3200ಕ್ಕೆ ಏರಿಸಬೇಕು. ಕಂಬಕ್ಕೆ ಹೆಗಲು ಆನಿಸಿ, ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು ಷಟರ್ ಒತ್ತಿದರೆ ಸೆಕೆಂಡಿನ 30ನೇ ಒಂದು ಭಾಗದಲ್ಲೂ ಕೈ ಅಲುಗದು. ಕ್ಯಾಮೆರಾದ ಅಲುಗಾಟ ನಿಯಂತ್ರಣ ನಮ್ಮ ಕೈ ನಡುಕವನ್ನು ಮಾತ್ರ ತಡೆಯುತ್ತದೆ, ಎದುರಿನವರ ಓಡಾಟವನ್ನಲ್ಲ.

ಫ್ಲ್ಯಾಶ್ ಇಲ್ಲಿ ಬೇಡ. ನೇರ ಫ್ಲ್ಯಾಶ್ ಕೆತ್ತನೆಯ ಎಲ್ಲ ನೆರಳನ್ನೂ ಅಳಿಸಿಬಿಡುತ್ತದೆ. ಅದರ ಬದಲು ಜೊತೆಗಾರರೊಬ್ಬರು ಸಣ್ಣ ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಹತ್ತಿರವಾಗಿ ಹಿಡಿದರೆ ಮಾಸಿದ ಅಕ್ಷರವೂ ಕಾಣುತ್ತದೆ. ಅಕ್ಷರ ಸ್ಪಷ್ಟವಾಗಲೆಂದು ಶಾಸನದ ಮೇಲೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಬಳಿಯುವುದು ಕಲ್ಲಿಗೆ ಹಾನಿ, ಸಂರಕ್ಷಿತ ಸ್ಮಾರಕಗಳಲ್ಲಿ ಶಿಕ್ಷಾರ್ಹವೂ ಹೌದು. ಪೂಜೆ ನಡೆಯುವ ಗುಡಿಗಳಲ್ಲಿ ಗರ್ಭಗುಡಿಯ ಫೋಟೊ ಪೂಜಾರಿಯವರನ್ನು ಕೇಳದೆ ತೆಗೆಯಬಾರದು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದು ತೆಗೆಯುವ ಸಾಮಾನ್ಯ ಫೋಟೊಗಳಿಗೆ ಅಡ್ಡಿಯಿಲ್ಲದಿದ್ದರೂ ಟ್ರೈಪಾಡ್ ಬಳಸಲು ಅನುಮತಿ ಬೇಕು. ಹೀಗಾಗಿ ಟ್ರೈಪಾಡ್ ಪ್ರವಾಸದ ಚೀಲದಲ್ಲಿ ಭಾರ ಹೆಚ್ಚು, ಬಳಕೆ ಕಡಿಮೆ ಎನ್ನಿಸುವ ವಸ್ತು.

ಹೊಳೆ ದಾಟುವಾಗ

ದತ್ತ ಪರಂಪರೆಯ ಗುರು ಶ್ರೀಪಾದ ಶ್ರೀವಲ್ಲಭರ ಕುರುವಪುರ ಕೃಷ್ಣೆಯ ನಡುಗಡ್ಡೆ. ಭಕ್ತರು ಹೊಳೆ ದಾಟಿಯೇ ಅಲ್ಲಿಗೆ ಹೋಗುವುದು ರೂಢಿ. ಹರಿಗೋಲು ಈ ನಾಡಿನ ಹಳೆಯ ವಾಹನ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ನದಿ ದಾಟುವುದನ್ನು ದಾಖಲಿಸಿದ್ದಾನೆ. 1520ರಲ್ಲೇ ವಿಜಯನಗರದ ಅರಸ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಗೆದ್ದ.

ದೋಣಿಯಲ್ಲಿ ಟ್ರೈಪಾಡ್ ನಿರರ್ಥಕ, ನೆಲವೇ ಅಲುಗುವಾಗ ಕಾಲು ಊರಿ ಫಲವೇನು? ಇಲ್ಲಿ ಕೆಲಸ ಮಾಡುವುದು ಷಟರ್ ವೇಗ. ಸೆಕೆಂಡಿನ 500ನೇ ಒಂದು ಭಾಗಕ್ಕಿಂತ ನಿಧಾನವಾಗದಂತೆ ಇಟ್ಟುಕೊಂಡರೆ ಅಲೆಯೂ ಹುಟ್ಟಿನ ಹನಿಯೂ ಸ್ಪಷ್ಟವಾಗಿ ಬರುತ್ತವೆ. ಹರಿಗೋಲು ಸಾಗುತ್ತಾ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಅಂಬಿಗನ ಮುಖದ ಮೇಲೆ ಒಮ್ಮೆ ಪೂರ್ಣ ಬಿಸಿಲು, ಮರುಕ್ಷಣ ಅರ್ಧ ನೆರಳು, ಆಮೇಲೆ ಪೂರ್ತಿ ಕತ್ತಲೆ. ಕೂತಲ್ಲೇ ಕಾದರೆ ಬೇಕಾದ ಬೆಳಕು ತಾನೇ ಸುತ್ತಿ ಬರುತ್ತದೆ. ಎದ್ದು ನಿಂತು ಕೋನ ಹುಡುಕುವುದು ಎಲ್ಲರ ಜೀವಕ್ಕೂ ಅಪಾಯ.

ನೀರಿನ ಮೇಲಿನ ಹೊಳಪು ಕಡಿಮೆ ಮಾಡಲು ಪೋಲರೈಸರ್ ಫಿಲ್ಟರ್ ಸಹಾಯಕ. ಅದನ್ನು ಮೆಲ್ಲಗೆ ತಿರುಗಿಸುತ್ತಾ ನೋಡಿದರೆ ಒಂದು ಹಂತದಲ್ಲಿ ಹೊಳಪು ಮಾಯವಾಗಿ ತಳದ ಬಂಡೆ ಕಾಣುತ್ತದೆ. ಆಕಾಶದ ನೀಲಿ ಗಾಢವಾಗಬೇಕಾದರೆ ಸೂರ್ಯ ಎಡಕ್ಕೋ ಬಲಕ್ಕೋ ಇರಬೇಕು. ಫಿಲ್ಟರ್ ಒಂದೂವರೆ ಎರಡು ಸ್ಟಾಪ್ ಬೆಳಕನ್ನು ನುಂಗುವುದರಿಂದ ಸಂಜೆಯಾಗುತ್ತಲೇ ಬಿಚ್ಚಿಡಬೇಕು.

ದೋಣಿ ಹತ್ತುವಾಗ, ಇಳಿಯುವಾಗಲೇ ಕ್ಯಾಮೆರಾಗಳು ನೀರಿಗೆ ಬೀಳುವುದು ಹೆಚ್ಚು. ಆ ಹೊತ್ತಿಗೆ ಅದು ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗ್‌ನೊಳಗೆ ಇರಬೇಕು. ನಡುನೀರಿನಲ್ಲಿ ಪಟ್ಟಿ ಕೊರಳಲ್ಲಿರಲಿ, ಆದರೆ ಅದು ಲೈಫ್ ಜಾಕೆಟ್‌ನ ಮೇಲೆ. ನೀರಿಗೆ ಬಿದ್ದ ಕ್ಯಾಮೆರಾವನ್ನು ಕೂಡಲೇ ಆನ್ ಮಾಡಿ ನೋಡುವ ಆತುರವೇ ಅದನ್ನು ಕೊಲ್ಲುತ್ತದೆ. ಬ್ಯಾಟರಿ, ಕಾರ್ಡ್ ತೆಗೆದು, ಒರೆಸಿ, ಹಾಗೇ ರಿಪೇರಿಯವರಿಗೆ ಮುಟ್ಟಿಸಬೇಕು. ಕೃಷ್ಣೆಯ ನಾರಾಯಣಪುರ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ನಡುಗಡ್ಡೆಗಳ ಸಂಪರ್ಕ ಕಡಿಯುತ್ತದೆ. ತುಂಬಿದ ಹೊಳೆಯನ್ನು ದಡದಿಂದಲೇ ತೆಗೆಯಬೇಕು. ಈ ನದಿಗಳಲ್ಲಿ ಮೊಸಳೆಗಳೂ ಇರುವುದರಿಂದ ನೀರಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕ್ಯಾಮೆರಾದೊಳಗೆ ಮುಳುಗುವುದು ಸಲ್ಲದು.

ಹೊಳೆಯಿಂದ ಕಡಲಿಗೆ

ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗಿ, ಅಲ್ಲಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಪ್ರವಾಸಿ ಹಡಗು ಏರುವ ಕುಟುಂಬಗಳಿಗೂ ಮೇಲಿನ ಪಾಠಗಳೇ ಅನ್ವಯ, ಮೂರು ಸೇರ್ಪಡೆಗಳೊಂದಿಗೆ. ಒಂದು, ಉಪ್ಪು. ಕಡಲ ಗಾಳಿಯ ತುಂತುರು ಗಾಜಿನ ಮೇಲೆ ಒಣಗಿದರೆ ಹರಳಾಗುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಪ್ರತಿ ಸಂಜೆ ಒರೆಸಬೇಕು. ಎರಡು, ಹವಾನಿಯಂತ್ರಣ. ತಣ್ಣನೆಯ ಕೋಣೆಯಿಂದ ಬಿಸಿ ತೇವದ ಡೆಕ್‌ಗೆ ಬಂದ ಕೂಡಲೇ ಲೆನ್ಸ್ ಮಂಜುಗಟ್ಟುತ್ತದೆ. ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಹೊರತಂದು, ಅರ್ಧ ಗಂಟೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಟ್ಟು ತೆಗೆಯಬೇಕು. ಎಸಿ ಬಸ್ಸಿನಿಂದ ಮುಂಗಾರಿನ ರಾಯಚೂರಿನಲ್ಲಿ ಇಳಿದಾಗಲೂ ಆಗುವುದು ಇದೇ. ಮೂರು, ಎಂಜಿನ್ನಿನ ನಡುಕ. ಹಡಗಿನ ಕಟಕಟೆಗೆ ಕ್ಯಾಮೆರಾ ಊರಿದರೆ ಆ ನಡುಕ ಚಿತ್ರಕ್ಕೆ ಇಳಿಯುತ್ತದೆ. ಕೈಯಲ್ಲಿ ಹಿಡಿಯುವುದೇ ಮೇಲು. ಪರದೆಯ ಮೇಲೆ ಅಡ್ಡ ಉದ್ದ ಗೆರೆಗಳನ್ನು ತೋರುವಂತೆ ಮಾಡಿಕೊಂಡರೆ ಕ್ಷಿತಿಜ ಓರೆಯಾಗದು. ಹಲವು ಹಡಗು ಕಂಪನಿಗಳು ಡ್ರೋನ್ ಮತ್ತು ಕೆಲವು ಬಗೆಯ ಎಕ್ಸ್‌ಟೆನ್ಷನ್ ಬೋರ್ಡ್‌ಗಳನ್ನು ಒಳಗೆ ಬಿಡುವುದಿಲ್ಲ, ಮೊದಲೇ ವಿಚಾರಿಸಬೇಕು.

ದೂಳು, ಬಿಸಿಲು, ತೇವ

ಎಡೆದೊರೆಯಲ್ಲಿ ಕ್ಯಾಮೆರಾದ ದೊಡ್ಡ ಶತ್ರು ದೂಳು. ಗಾಳಿ ಬೀಸುವ ಬಯಲಲ್ಲಿ ಲೆನ್ಸ್ ಬದಲಿಸಬಾರದು. ಅನಿವಾರ್ಯವಾದರೆ ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ, ಗಾಳಿಗೆ ಬೆನ್ನು ಕೊಟ್ಟು ಚೀಲದ ಮರೆಯಲ್ಲಿ ಮಾಡಬೇಕು. ಒಂದೇ ಝೂಮ್‌ನಲ್ಲಿ ದಿನ ಕಳೆಯುವುದರ ನಿಜವಾದ ಲಾಭ ಇದು. ಲೆನ್ಸ್‌ನ ಮೇಲಿನ ದೂಳನ್ನು ಮೊದಲು ರಬ್ಬರ್ ಬಲ್ಬಿನಿಂದ ಊದಿ, ಆಮೇಲೆ ಬ್ರಷ್, ಕೊನೆಗೆ ಬಟ್ಟೆ. ಈ ಕ್ರಮ ತಪ್ಪಿ ಅಂಗಿಯ ಚುಂಗಿನಿಂದ ಉಜ್ಜಿದರೆ ದೂಳಿನ ಕಣವೇ ಗಾಜನ್ನು ಗೀರುತ್ತದೆ. ಬಾಯಿಂದ ಊದಿದರೆ ಎಂಜಲ ಹನಿ ಸೇರುತ್ತದೆ. ಬೆಲೆ ಕಡಿಮೆಯ ಒಂದು ಯುವಿ ಫಿಲ್ಟರ್ ಲೆನ್ಸ್‌ನ ಮುಂದೆ ಇದ್ದರೆ ಈ ಏಟೆಲ್ಲ ಅದಕ್ಕೇ.

ಬಿಸಿಲಲ್ಲಿ ನಿಂತ ಕಾರಿನಲ್ಲಿ, ಬೈಕಿನ ಟ್ಯಾಂಕ್ ಮೇಲಿನ ಕಪ್ಪು ಚೀಲದಲ್ಲಿ ಕ್ಯಾಮೆರಾ ಬಿಡಬಾರದು. ಲೆನ್ಸ್‌ನೊಳಗಿನ ಗ್ರೀಸ್ ಕರಗುತ್ತದೆ, ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. ಬಿಳಿಯ ಹತ್ತಿ ಟವೆಲ್ಲೊಂದನ್ನು ಚೀಲದ ಮೇಲೆ ಹೊದಿಸಿದರೆ ಬೇಕಾದಷ್ಟಾಯಿತು. ಮಳೆಗಾಲ ಮುಗಿದು ಮನೆಗೆ ಬಂದ ಮೇಲೆ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಡುವುದೇ ಶಿಲೀಂಧ್ರಕ್ಕೆ ಆಹ್ವಾನ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಬೇಕು. ತಿಂಗಳಿಗೊಮ್ಮೆ ಹೊರತೆಗೆದು ಬಳಸುವುದು ಇನ್ನೂ ಒಳ್ಳೆಯದು.

ಜನ, ಹಬ್ಬ, ಕಾನೂನು

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಮಾನ್ವಿ ಸೀಮೆ ಭತ್ತದ ನಾಡಾಗಿದೆ. ನಾಟಿಯ ದಿನಗಳಲ್ಲಿ ಸಾಲಾಗಿ ಬಾಗಿದ ಹೆಣ್ಣುಮಕ್ಕಳು, ನೀರಿನಲ್ಲಿ ಅವರ ಸೀರೆಯ ಬಣ್ಣದ ಪ್ರತಿಬಿಂಬ ಯಾರಿಗಾದರೂ ಕ್ಯಾಮೆರಾ ಎತ್ತಬೇಕೆನ್ನಿಸುವ ನೋಟ. ದೂರದಿಂದ ಉದ್ದ ಲೆನ್ಸ್ ಹಿಡಿದು ಕದ್ದು ತೆಗೆಯುವುದಕ್ಕಿಂತ ಬದುವಿನ ಮೇಲೆ ನಿಂತು, 'ಯಕ್ಕಾ, ಒಂದು ಫೋಟೊ ತಗೊಳ್ಳಲೇನ್ರಿ?' ಎಂದು ಕೇಳುವುದು ಸೌಜನ್ಯ. ಬೇಡವೆಂದರೆ ಅಲ್ಲಿಗೆ ಮುಗಿಯಿತು. ಒಪ್ಪಿದರೆ ಮೊದಲೆರಡು ಫೋಟೊಗಳಲ್ಲಿ ಎಲ್ಲರೂ ನೆಟ್ಟಗೆ ನಿಂತು ಕ್ಯಾಮೆರಾ ನೋಡುತ್ತಾರೆ. ಅವನ್ನೂ ತೆಗೆದು ತೋರಿಸಿ, ಅವರು ಮತ್ತೆ ಕೆಲಸಕ್ಕೆ ಬಾಗುವವರೆಗೆ ಕಾದರೆ ನಿಜವಾದ ಚಿತ್ರ ಸಿಗುತ್ತದೆ.

ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರವಾದ ಕಲ್ಲು ಎಳೆಯುವ ಸ್ಪರ್ಧೆ ನಡೆಯುತ್ತದೆ. ಇಲ್ಲಿ ಎರಡು ದಾರಿಗಳಿವೆ. ಷಟರ್ ಸೆಕೆಂಡಿನ 1000ನೇ ಒಂದು ಭಾಗಕ್ಕಿಟ್ಟರೆ ಗೊರಸಿನಿಂದ ಎದ್ದ ಮಣ್ಣಿನ ಕಣವೂ ಗಾಳಿಯಲ್ಲಿ ನಿಲ್ಲುತ್ತದೆ. 60ನೇ ಒಂದು ಭಾಗಕ್ಕಿಟ್ಟು, ಎತ್ತಿನ ವೇಗಕ್ಕೇ ಸೊಂಟದಿಂದ ಮೈ ತಿರುಗಿಸುತ್ತಾ ತೆಗೆದರೆ ಎತ್ತು ಸ್ಪಷ್ಟವಾಗಿ, ಹಿಂದಿನ ಜನ ಗೆರೆಗಳಾಗಿ ಬಂದು ಓಟದ ಭಾವ ಮೂಡುತ್ತದೆ. ನಿಲ್ಲಬೇಕಾದದ್ದು ಪಕ್ಕದಲ್ಲಿ, ಎತ್ತುಗಳ ಎದುರಲ್ಲಿ ಅಲ್ಲ.

ಕೆಲವು ಕಡೆ ಕ್ಯಾಮೆರಾ ಚೀಲದಲ್ಲೇ ಇರಬೇಕು. ರಾಯಚೂರು ಬಳಿಯ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಿಂದ ರಾಜ್ಯಕ್ಕೆ ಬೆಳಕು ಕೊಡುತ್ತಿದೆ. ಅದರ ಚಿಮಣಿಗಳು ದೂರದ ಹೊಲದಿಂದಲೂ ಕಾಣುತ್ತವೆ. ಆದರೆ ಇಂಥ ಸ್ಥಾವರಗಳ ಆವರಣ, ಅಣೆಕಟ್ಟುಗಳ ಗೇಟು ಭದ್ರತಾ ವಲಯಗಳು. ಅಲ್ಲಿ ಅನುಮತಿಯಿಲ್ಲದೆ ಫೋಟೊ ತೆಗೆಯಬಾರದು. 1871ರಲ್ಲಿ ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಹಳಿಯೂ ರಾಯಚೂರಿನಲ್ಲೇ ಕೂಡಿದವು. ಆ ಇತಿಹಾಸದ ಆಸೆಗೆ ಹಳಿಯ ಮೇಲೆ, ಸೇತುವೆಯ ಮೇಲೆ ನಿಂತು ತೆಗೆಯುವುದು ಅಪರಾಧ, ಪ್ರಾಣಕ್ಕೂ ಸಂಚಕಾರ. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳನ್ನು ಓದಿಕೊಂಡಿರಬೇಕು. ಹಸಿರು ವಲಯದಲ್ಲಿ 400 ಅಡಿ ಎತ್ತರದ ಮಿತಿಯಿದೆ. ವಲಯ ಯಾವುದೆಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಯೇ ಹೊರಡಬೇಕು.

ವಿದ್ಯುತ್ತು ಮತ್ತು ದಾಸ್ತಾನು

ಹಳ್ಳಿಗಳ ಸುತ್ತಾಟಕ್ಕೆ ಕ್ಯಾಮೆರಾದ ಎರಡು ಬ್ಯಾಟರಿ, ಒಂದು 20,000 ಎಂಎಎಚ್ ಪವರ್ ಬ್ಯಾಂಕ್ ಸಾಕು. ಇದರ ಶಕ್ತಿ ಸುಮಾರು 74 ವ್ಯಾಟ್ ಅವರ್. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಲು ಇರುವ ಮಿತಿ 100. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್‌ಗಳನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ. 24 ಮೆಗಾಪಿಕ್ಸೆಲ್‌ನ ಒಂದು 'ರಾ' (ಸಂಸ್ಕರಿಸದ) ಫೋಟೊ 25ರಿಂದ 30 ಎಂಬಿ ತೂಗುತ್ತದೆ. 64 ಜಿಬಿ ಕಾರ್ಡಿನಲ್ಲಿ ಅಂಥ ಎರಡು ಸಾವಿರದಷ್ಟು ಹಿಡಿಸುತ್ತವೆ. ದೊಡ್ಡದೊಂದು ಕಾರ್ಡಿಗಿಂತ ನಡುವಿನ ಅಳತೆಯ ಎರಡು ಕಾರ್ಡು ಕ್ಷೇಮ, ಒಂದು ಕೆಟ್ಟರೂ ಪ್ರವಾಸ ಪೂರ್ತಿ ಹೋಗದು.

ಪ್ರತಿ ರಾತ್ರಿ ಫೋಟೊಗಳನ್ನು ಇನ್ನೊಂದು ಕಡೆ ನಕಲಿಸಬೇಕು. ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ ಎಂಬುದು ವೃತ್ತಿಪರರ ನಿಯಮ. ನಕಲು ಖಾತ್ರಿಯಾಗುವವರೆಗೆ ಕಾರ್ಡನ್ನು ಅಳಿಸಬಾರದು. ಅಳಿಸುವಾಗಲೂ ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಬೇಕು. ಆ ದಿನವೇ ಪ್ರತಿ ಫೋಟೊಕ್ಕೆ ಊರು, ಗುಡಿ, ಗೋಡೆಯ ದಿಕ್ಕು, ಹೊತ್ತು ಬರೆದಿಟ್ಟರೆ ಗಬ್ಬೂರಿನ ಕಂಬ ಯಾವುದು, ಬೇರೆ ಊರಿನದ್ದು ಯಾವುದು ಎಂದು ವರ್ಷದ ನಂತರ ತಡಕಾಡಬೇಕಾಗುವುದಿಲ್ಲ. ಮುಂದೆ ಅದೇ ಕಲ್ಲು ಸವೆದಾಗ ಆ ಬರಹವಿರುವ ಫೋಟೊ ಇತಿಹಾಸ ಓದುವವರಿಗೂ ದಾಖಲೆಯಾಗಿ ಒದಗುತ್ತದೆ.